ಹುಬ್ಬು ಟೀಚರ್

"ಇನ್ನೂ ಸರಿಯಾಗಿಲ್ಲ."

ಖಾಲಿ ಚರ್ಚಿನಲ್ಲಿ ತನ್ನ ಮಾತು ಅಷ್ಟು ಜೋರಾಗಿ ಕೇಳಿಸೀತೆಂದು ಆಕೆ ಎಣಿಸಿರಲಿಲ್ಲ. ಶ್ರುತಿ ಮಾಡಲೆಂದು ಪಿಯಾನೋದ ಹೊಟ್ಟೆಯೊಳಗೆ ತಲೆ ತೂರಿಸಿದ್ದ ಮನುಷ್ಯ ನಿಧಾನವಾಗಿ ನೆಟ್ಟಗಾದ. ಬೆಳ್ಳಗಿನ ಕೂದಲು, ಅದಕ್ಕೊಂದಿಷ್ಟು ಜೇಡರ ಬಲೆ.

"ಯಾವುದು ಸರಿಯಾಗಿಲ್ಲ?"

"ಈಗ ಬಾರಿಸಿದ್ರಲ್ಲ, ಆ ಕೀ. ಕೂದಲೆಳೆಯಷ್ಟು ಕೆಳಗಿದೆ."

ಆತ ಮತ್ತೊಮ್ಮೆ ಕೀ ಒತ್ತಿದ. ಒತ್ತಿ, ತಂತಿಯನ್ನು ನೋಡುವುದು ಬಿಟ್ಟು ಆಕೆಯ ಮುಖವನ್ನೇ ನೋಡಿದ. ಹಾಗೆ ನೋಡಿದರೆ ಯಾರಿಗೆ ತಾನೇ ಮುಜುಗರವಾಗದು? ಸರಿಯಾದ ಸ್ವರ ಇದು ಎಂದು ಹಾಡಿ ತೋರಿಸಲು ಆಕೆ ಬಾಯಿ ತೆರೆದಳು. ಅರ್ಧಕ್ಕೆ ಧ್ವನಿ ಒಡೆಯಿತು.

ಆತ ನೋಡುತ್ತಲೇ ಇದ್ದ.

ಮರೆತುಹೋಗಿದ್ದ ಕನ್ನಡಕಕ್ಕೆಂದು ಬಂದವಳು ಅದನ್ನೆತ್ತಿಕೊಂಡು ಹೊರಗೆ ಓಡಿದಳು. 'ಛೇ... ಈ ವಯಸ್ಸಿನಲ್ಲಿ ಎದೆ ಯಾಕಪ್ಪಾ ಹೀಗೆ ಹೊಡೆದುಕೊಳ್ಳುತ್ತೆ?'

ಆಕೆ ಶಾಲೆಯಲ್ಲಿ ಸಂಗೀತ ಕಲಿಸಿದವಳು. ಮಕ್ಕಳು ಎಲ್ಲಿ ಸ್ವರ ತಪ್ಪಿದರೂ ಆಕೆಯ ಬಲಗಡೆಯ ಹುಬ್ಬು ತಾನಾಗಿ ಮೇಲೇರುತ್ತಿತ್ತು. 'ಹುಬ್ಬು ಟೀಚರ್' ಎಂದು ಮಕ್ಕಳಿಟ್ಟ ಹೆಸರು ಊರಿಗೆಲ್ಲ ಹಬ್ಬಿ, ಒಮ್ಮೊಮ್ಮೆ ಪಾಸ್ಟರ್ ಬಾಯಲ್ಲೂ ಜಾರುತ್ತಿತ್ತು.

ಕೆಲಸದಿಂದ ನಿವೃತ್ತಿಯಾಯಿತು. ಗಂಡ ದೇವರ ಬಳಿಗೆ ಹೋದರು. ಉಳಿದದ್ದು ಚರ್ಚಿನ ಗಾಯನ ತಂಡವಾದ ಕ್ವಾಯರಿನ ಹಿಂದಿನ ಸಾಲಿನಲ್ಲೊಂದು ಜಾಗ. ಬೆಳಿಗ್ಗೆ ಹಾಸಿಗೆ ಮಡಚಿ ಮೊಣಕಾಲೂರಿದಾಗಲೆಲ್ಲ ಅದೇ ಪ್ರಶ್ನೆ: 'ಕರ್ತನೇ, ನನ್ನನ್ನು ಇನ್ನೂ ಇಟ್ಟುಕೊಂಡಿದ್ದೀಯಲ್ಲ... ಯಾವ ಕೆಲಸಕ್ಕೆ?' ಹಿಂದಿನ ಸಾಲಿನಲ್ಲಿ ನಿಂತು ಹಾಡುವುದಕ್ಕಾದರೂ ಇರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಆ ಸಮಾಧಾನಕ್ಕೂ ಕುತ್ತು ಬಂತು. ಕ್ವಾಯರ್ ನಡೆಸುತ್ತಿದ್ದವಳು ಆಕೆಯ ಸೊಸೆಯೇ. ಒಂದು ಸಂಜೆ ಇಬ್ಬರೂ ಪಾತ್ರೆ ಒರೆಸುತ್ತಿದ್ದಾಗ ಸೊಸೆ ತಲೆ ತಗ್ಗಿಸಿಕೊಂಡು ಹೇಳಿದಳು.

"ಅತ್ತೆ... ಪಿಯಾನೋದವರು ಒಂದು ಮಾತು ಹೇಳಿದ್ರು. ನಿಮ್ಮನ್ನ ಕ್ವಾಯರಿಂದ ಬಿಡಿಸಿದ್ರೆ ಒಳ್ಳೇದಂತೆ."

ಟೀಚರ್ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. 'ಒಂದೇ ಒಂದು ಸಲ ಕೇಳಿ ತೀರ್ಪು ಕೊಡೋಕೆ ಈ ಮನುಷ್ಯ ಯಾರು?' ಬಾಯಿಂದ ಬಂದದ್ದು ಮಾತ್ರ "ಆಯ್ತಮ್ಮ" ಎಂಬ ಒಂದೇ ಮಾತು. ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಮೊಣಕಾಲೂರಿದರೆ ಪ್ರಶ್ನೆ ಕೂಡ ಹೊರಡಲಿಲ್ಲ.

ಭಾನುವಾರ ಕಂಬದ ಪಕ್ಕದ ಬೆಂಚಿನಲ್ಲಿ ಒಬ್ಬಳೇ ಕುಳಿತಳು. ಪಿಯಾನೋ ಶುರುವಾಯಿತು. ನಡುವಿನ ಸ್ವರಗಳು ಸೊಗಸಾಗಿಯೇ ಇದ್ದವು. ಹಾಡು ಮೇಲಕ್ಕೇರಿತು ನೋಡಿ, ಟೀಚರ್ ಹುಬ್ಬೂ ಏರಿತು. ತುದಿಯ ಕೀಗಳೆಲ್ಲ ಅಪಸ್ವರ! ಬೇರೆ ಯಾರಿಗೂ ಗೊತ್ತಾದಂತಿರಲಿಲ್ಲ. ಪಾಸ್ಟರ್ ಅಂತೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಸುಳ್ಳು ಯಾಕೆ, ಆಕೆಗೆ ಒಳಗೊಳಗೇ ಖುಷಿಯಾಯಿತು. 'ಸಿಕ್ಕಿಬಿದ್ರಲ್ಲ ಸ್ವಾಮಿ...' ದೇವರ ಮನೆಯಲ್ಲಿ ಕೂತು ಇಂಥ ಯೋಚನೆಯೇ ಎಂದು ಕೂಡಲೇ ಕ್ಷಮೆ ಬೇಡಿದಳು. ಕ್ಷಮೆ ಬೇಡಿದ ಮೇಲೂ ಜಗಳ ಆಡುವ ಆಸೆ ಹೋಗಲಿಲ್ಲ.

ಮರುದಿನವೇ ಆತನ ಅಂಗಡಿ ಹುಡುಕಿಕೊಂಡು ಹೊರಟಳು. ಬಸ್ ನಿಲ್ದಾಣದ ಹಿಂದಿನ ಬೀದಿ, ಅಂಟಿನ ವಾಸನೆ, ಬೆಂಚಿನ ಮೇಲೆ ಬಿಚ್ಚಿಟ್ಟ ಕೀಗಳ ಸಾಲು. ಆತ ಕುರ್ಚಿ ಎಳೆದು ಹಾಕಿದ. ಆಕೆ ಕೂರಲಿಲ್ಲ.

"ನನ್ನ ಗಂಟಲು ಹೋಗಿದೆ, ಒಪ್ಕೋತೀನಿ. ನನ್ನನ್ನ ಹೊರಗೆ ಹಾಕಿಸಿದವರು ನಿಮ್ಮ ಕೆಲಸಾನಾದ್ರೂ ನೆಟ್ಟಗೆ ಮಾಡ್ಬೇಕಿತ್ತು. ಮೇಲಿನ ಕೀಗಳು ಒಂದೂ ಸರಿಯಿಲ್ಲ. ನಿಮಗೆ ಕೇಳಿಸಲ್ವಾ?"

"ಕೇಳಿಸಲ್ಲ," ಎಂದ ಆತ.

ಆಕೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕುಳಿತಳು.

ಆತ ಮುಚ್ಚುಮರೆಯಿಲ್ಲದೆ ಹೇಳಿದ. ಕೆಲವು ವರ್ಷಗಳಿಂದ ತುದಿಯ ಕೀಗಳನ್ನು ಒತ್ತಿದರೆ ಮರದ ಟಕ್ ಎಂಬ ಸದ್ದು ಬಿಟ್ಟು ಸ್ವರವೇ ಕಿವಿಗೆ ಬೀಳುತ್ತಿರಲಿಲ್ಲ. ಹೆಂಡತಿ ತೀರಿಹೋದ ಮೇಲೆ ಆತನಿಗೆ ಜೊತೆಯೆಂದು ಇದ್ದದ್ದು ಈ ಕೆಲಸವೊಂದೇ. ಕಿವಿ ಕೊಡು, ಇಲ್ಲವೇ ಅಂಗಡಿ ಮುಚ್ಚು ಅಂತ ಹೇಳಿಬಿಡು ಎಂದು ದೇವರ ಬೆನ್ನು ಹತ್ತಿದ್ದ. ಅಷ್ಟರಲ್ಲೇ ಚರ್ಚಿನಲ್ಲಿ ಬೆನ್ನ ಹಿಂದೆ 'ಸರಿಯಾಗಿಲ್ಲ' ಎಂಬ ಮಾತು ಕೇಳಿಸಿತ್ತು.

"ತಿರುಗಿ ನೋಡಿದ್ರೆ ನಿಮ್ಮ ಹುಬ್ಬು ಮೇಲಿತ್ತು. ನಾನು ನೋಡ್ತಿದ್ದಿದ್ದು ಅದನ್ನೇ. ಆಮೇಲೆ ನಿಮ್ಮ ಸೊಸೇನ ಕೇಳ್ದೆ, 'ಅಭ್ಯಾಸದ ದಿನಗಳಲ್ಲಿ ನಿಮ್ಮ ಅತ್ತೇನ ಕ್ವಾಯರಿಂದ ಬಿಡಿಸಿ ನನ್ನ ಜೊತೆ ಕೆಲಸಕ್ಕೆ ಕಳಿಸ್ತೀರಾ? ಅವರ ಕಿವಿ ನನಗೆ ಬೇಕು' ಅಂತ. ಗಂಟಲಿನ ವಿಷಯ ನಾನು ಎತ್ತೇ ಇಲ್ಲ."

ಟೀಚರಿಗೆ ಈಗ ಎಲ್ಲ ಅರ್ಥವಾಯಿತು. ಸೊಸೆ ಅರ್ಧ ಮಾತನ್ನು ತಂದು ಮುಟ್ಟಿಸಿ ಇನ್ನರ್ಧವನ್ನು ನುಂಗಿದ್ದಳು!

ಮನೆಯಲ್ಲಿ ಕೇಳಿದಾಗ ಆ ಹುಡುಗಿ ಅತ್ತೇಬಿಟ್ಟಳು. ಅತ್ತೆಯ ಧ್ವನಿ ಒಡೆಯುತ್ತಿದೆ ಎಂದು ಹೇಳಲು ಬಹಳ ದಿನಗಳಿಂದ ಬಾಯಿ ಬಂದಿರಲಿಲ್ಲವಂತೆ. ಪಿಯಾನೋದವರ ಹೆಸರಲ್ಲಿ ಹೇಳಿದರೆ ಸುಲಭವಾಗುತ್ತದೆ ಅಂದುಕೊಂಡಳಂತೆ. ಅತ್ತೆಯ ಮುಖ ಬಾಡಿದ್ದು ನೋಡಿ ಉಳಿದ ಮಾತು ಹೇಳದೇ ಬಿಟ್ಟಳಂತೆ. ಟೀಚರಿಗೆ ಸಿಟ್ಟು ಬಂದದ್ದು ನಿಜ. ಮುಂದಿನ ಸಲ ನಿನ್ನ ಬಾಯಿಂದಲೇ ಹೇಳು ಅಂದು, ಅವಳ ಕಣ್ಣೊರೆಸಿ, ಇಬ್ಬರಿಗೂ ಟೀ ಮಾಡಿದಳು.

ಆಮೇಲೆ ಟೀಚರೂ ಪಿಯಾನೋದವರೂ ಜೊತೆಯಾಗಿ ಹೊರಟರು. ಶಾಲೆಗಳು, ಬೇರೆ ಬೇರೆ ಚರ್ಚುಗಳು... ಆತ ತಂತಿ ಬಿಗಿಯುತ್ತಿದ್ದ, ಆಕೆ ಎದುರಿಗೆ ಕೂರುತ್ತಿದ್ದಳು. ಹುಬ್ಬು ಏರಿದರೆ ಇನ್ನೂ ಕೆಲಸ ಬಾಕಿ, ಇಳಿದರೆ ಮುಗಿಯಿತು. ಆಸ್ಪತ್ರೆಯ ಪ್ರಾರ್ಥನಾ ಕೋಣೆಯಲ್ಲಿ ಬಟ್ಟೆ ಹೊದ್ದು ಮೂಲೆ ಸೇರಿದ್ದ ಪಿಯಾನೋಗೆ ಜೀವ ಬಂದ ದಿನ, ರೋಗಿಯೊಬ್ಬಳು ತನ್ನ ಮಂಚವನ್ನು ಬಾಗಿಲ ಹತ್ತಿರಕ್ಕೆ ಎಳೆಸಿಕೊಂಡಳು. ಅದನ್ನು ನೋಡಿ ಟೀಚರಿಗೆ ಮನಸ್ಸು ತುಂಬಿತು. ಈಗೀಗ ಬೆಳಗಿನ ಪ್ರಾರ್ಥನೆಯಲ್ಲಿ 'ಯಾವ ಕೆಲಸಕ್ಕೆ?' ಎಂದು ಕೇಳುತ್ತಿರಲಿಲ್ಲ. 'ಇವತ್ತು ಎಲ್ಲಿಗೆ, ಕರ್ತನೇ?' ಎಂದಷ್ಟೇ ಕೇಳುತ್ತಿದ್ದಳು.

ನಡುವೆ ಇನ್ನೊಂದು ಸಂಗತಿಯೂ ಬೆಳೆಯುತ್ತಿತ್ತು. ಆತ ಬರುವುದು ತಡವಾದರೆ ಆಕೆಗೆ ಕಿಟಕಿ ಬಿಟ್ಟು ಕದಲಲು ಆಗುತ್ತಿರಲಿಲ್ಲ. ಸೊಸೆ ಅದನ್ನು ಕಂಡೂ ಕಾಣದಂತೆ ನಗುತ್ತಿದ್ದಳು.

ಒಂದು ಮಧ್ಯಾಹ್ನ ತಮ್ಮ ಚರ್ಚಿನ ಪಿಯಾನೋ ಮತ್ತೆ ಶ್ರುತಿಗೆ ಬಂತು. ಬಣ್ಣದ ಗಾಜಿನಿಂದ ಬಿಸಿಲು ಕೀಗಳ ಮೇಲೆ ಬಿದ್ದಿತ್ತು. ತುದಿಯ ಕೀ ಮುಗಿಯಿತು, ಹುಬ್ಬು ಇಳಿಯಿತು. ಆತ ಮಾತ್ರ ಮುಚ್ಚಳ ಹಾಕಲಿಲ್ಲ.

"ಟೀಚರ್, ಇನ್ನೊಂದು ಬಾಕಿ ಇದೆ."

"ಯಾವ ಕೀ?"

"ಕೀ ಅಲ್ಲ..." ಆತ ಕೈಯಲ್ಲಿದ್ದ ಸಲಕರಣೆಯನ್ನು ಕೆಳಗಿಟ್ಟ. "ಈ ವಯಸ್ಸಲ್ಲಿ ಜನ ನಗಬಹುದು. ನಕ್ಕರೆ ನಗ್ಲಿ, ನನಗೆ ಹೇಗೂ ಅಷ್ಟಾಗಿ ಕೇಳಿಸಲ್ಲ. ದೇವರು ಕೊಟ್ಟಿರೋ ದಿನಗಳನ್ನ ನಿಮ್ಮ ಎದುರಿಗೇ ಕೂತು ಕಳೀಬೇಕು ಅನ್ನಿಸಿದೆ. ನಮ್ಮ ಮದುವೆ ಬಗ್ಗೆ ಪಾಸ್ಟರ್ ಹತ್ರ ಮಾತಾಡ್ಲಾ?"

ಕೇಳಿ, ಮೊದಲ ದಿನ ನೋಡಿದ ಹಾಗೆಯೇ ಆಕೆಯ ಮುಖ ನೋಡುತ್ತ ನಿಂತ.

ಆಕೆಯ ಕಣ್ಣು ತುಂಬಿ ಬಂತು. ಹುಬ್ಬು ಮಾತ್ರ ಅಲುಗಾಡಲಿಲ್ಲ.

"ಸರಿಯಾಗಿದೆಯಾ?" ಆತ ಮೆಲ್ಲಗೆ ಕೇಳಿದ.

"ಸರಿಯಾಗಿದೆ." ಧ್ವನಿ ಅರ್ಧಕ್ಕೆ ಒಡೆಯಿತು. ಈ ಸಲ ಆಕೆ ಅದನ್ನು ಮುಚ್ಚಿಡಲಿಲ್ಲ. "ಇನ್ನು ಮುಟ್ಟಬೇಡಿ... ಹೀಗೇ ಇರ್ಲಿ."