ಕೊಂಡಿಯಿಂದ ಮೊಳೆಗೆ

ಸವಳಂಗದ ಪವಿತ್ರಳ ಮನೆಯಲ್ಲಿ ರೇಡಾನ್ ಮುನ್ನೂರ ಎಂಬತ್ತು! ನೂರರೊಳಗಿದ್ದರೆ ಕ್ಷೇಮ; ಅಕ್ಕಪಕ್ಕದ ಮನೆಗಳಲ್ಲಿ ನಲವತ್ತೂ ದಾಟಿರಲಿಲ್ಲ.

ನೆಲದಿಂದ ಏಳುವ ಈ ಅನಿಲ ಕಣ್ಣಿಗೆ ಕಾಣದು, ಶ್ವಾಸಕೋಶಕ್ಕೆ ಕೇಡು. ಮನೆಯೊಳಗೆ ಮೂರು ತಿಂಗಳು ಪುಟ್ಟ ಡಬ್ಬಿ ತೂಗುಬಿಟ್ಟು, ಅದರೊಳಗಿನ ಫಿಲ್ಮಿನ ಗುರುತು ಎಣಿಸಿ ಪತ್ತೆ ಮಾಡುತ್ತೇವೆ. ಹನ್ನೊಂದು ವರ್ಷ ಕಾದ ಪವಿತ್ರಳಿಗೆ ದತ್ತು ಮಗು ಸಿಗುವುದಿತ್ತು. ಮನೆ ನೋಡಲು ಸೋಮವಾರ ಬರುವವರಿಗೆ ಈ ವರದಿ ತೋರಿಸಬೇಕಿತ್ತು.

"ಯಾರೋ ಡಬ್ಬಿ ಮುಟ್ಟಿದ್ದಾರೆ," ಎಂದರು ನಮ್ಮ ಪ್ರಯೋಗಾಲಯದ ಸಂಧ್ಯಾರಾಣಿ ಮೇಡಂ. ಅನುಮಾನ ಪಡುವುದು ಅವರ ಕೆಲಸ, ಬೈಕ್ ಓಡಿಸುವುದು ನನ್ನದು.

ಮತ್ತೆ ಆ ಮನೆಗೆ ಹೋದಾಗ ನನ್ನ ಕಣ್ಣು ಪವಿತ್ರಳ ಅತ್ತೆ ಅಜ್ಜಮ್ಮನ ಮೇಲೆ. ಯಾರದೋ ಕೂಸು ಬೇಡವೆಂದು ಹಟ ಹಿಡಿದಿದ್ದವಳು.

"ಡಬ್ಬಿ ಮುಟ್ಟಿದ್ರಾ, ಅಜ್ಜಿ?"

"ನಾನ್ಯಾಕೆ ಮುಟ್ಲಿ? ಬ್ಯಾಡ ಅಂದಿದ್ದು ನಿಜ. ಇವಳು ಕುಲಾವಿ ಹೊಲಿಯೋದು ನೋಡಿದ ಮ್ಯಾಲೆ ಬಾಯಿ ಮುಚ್ಕಂಡೀನಿ."

ಮೇಡಂ ಜೊತೆಗೆ ತಂದಿದ್ದ ಆ ಡಬ್ಬಿಯ ಬೆನ್ನು ತಿರುಗಿಸಿದರು. ಕೆಂಪು ಮಣ್ಣಿನ ಗೀರು! ನಾನು ಧೂಳೆಂದು ಬಿಟ್ಟಿದ್ದೆ. ನಡುಮನೆಯ ತೊಲೆಯ ಕೊಂಡಿಗೆ ಕಟ್ಟಿದ್ದ ಡಬ್ಬಿಗೆ ಮಣ್ಣು ಹೇಗೆ ತಾಗಿತು? ಅವರು ಮಣ್ಣುಗೋಡೆಯ ಮೊಳೆಯತ್ತ ನಡೆದರು. ಕೆಳಗೆ ಉಜ್ಜಿದ ಗುರುತಿತ್ತು.

"ಪವಿತ್ರಾ, ಆ ಕೊಂಡಿ ಯಾತಕ್ಕೆ?"

ಅವಳ ಕಣ್ಣು ತುಂಬಿತು. "ತೊಟ್ಟಿಲಿಗೆ, ಮೇಡಂ. ಮದುವೆ ಆದ ವರ್ಷ ಹಾಕ್ಸಿದ್ದು. ಖಾಲಿ ತೊಟ್ಟಿಲು ತೂಗಬಾರದು ಅಂತಾರೆ. ಅಲ್ಲಿ ಖಾಲಿ ಡಬ್ಬಿ ತೂಗಾಡೋದು ನೋಡಾಕೆ ಆಗ್ಲಿಲ್ಲ. ನೀವು ಹೋದ ದಿನನೇ ಮೊಳೆಗೆ ಹಾಕಿದೆ, ಬರೋ ದಿನ ತಿರುಗಿ ಕಟ್ಟಿದೆ. ನಾನೇ ನನ್ನ ಕೂಸು ಕಳ್ಕಂಡ್ನಾ?"

"ಇಲ್ಲ. ಡಬ್ಬಿ ಸರಿಸಿದ್ದು ನೀನು, ಸುಳ್ಳು ಹೇಳಿಸಿದ್ದು ಥೋರಾನ್. ಅದು ರೇಡಾನಿನ ದಾಯಾದಿ. ಮಣ್ಣುಗೋಡೆಯಿಂದ ಹೊರಡ್ತೈತೆ, ಒಂದು ನಿಮಿಷದಾಗೆ ಅರ್ಧ ಮುಗಿದುಹೋಗ್ತೈತೆ. ನಡುಮನೆವರೆಗೆ ಬರಾಕೆ ಆಯಸ್ಸಿಲ್ಲ. ಗೋಡೆಗೆ ಅಂಟಿದ ಡಬ್ಬಿ ಅದನ್ನೂ ರೇಡಾನ್ ಅಂತ ಎಣಿಸೈತೆ. ಈ ವರದಿ ರದ್ದು. ಇನ್ನೊಂದ್ಸಲ ಅಳೀಬೇಕು."

"ಇನ್ನೂ ಮೂರು ತಿಂಗಳಾ?"

ಮೇಡಂ ಹೌದೆಂದು ತಲೆಯಾಡಿಸಿದರು. ಹೊಸ ಡಬ್ಬಿಯನ್ನು ಗೋಡೆಯಿಂದ ದೂರ, ಬೇರೊಂದು ತೊಲೆಗೆ ನಾನೇ ಕಟ್ಟಿದೆ. ದತ್ತು ಕೊಡುವವರೂ ಕಾಯಲು ಒಪ್ಪಿದರು.

ಮೂರು ತಿಂಗಳ ಮೇಲೆ ಫೋನ್ ಮಾಡಿದೆ. "ಮೂವತ್ತಾರು, ಪವಿತ್ರಾ!"

ಆ ಕಡೆ ಅಳುವೊಂದೇ ಕೇಳಿಸಿತು. ಆಮೇಲೆ ಅಜ್ಜಮ್ಮ ಫೋನ್ ಕಸಿದುಕೊಂಡಳು.

"ಇನ್ನೇನಾದ್ರೂ ಇದ್ರೆ ಜಲ್ದಿ ಹೇಳ್ರಿ. ತೊಟ್ಟಿಲಿಗೆ ಹಗ್ಗ ತರಾಕೆ ಹೊಂಟೀನಿ."