ಹನ್ನೊಂದು ರವಿವಾರದ ಇಂಜಿನ್

"ಇಂಜಿನ್ ಬೇಕಾಗಿತ್ರಿ."

ಶಂಭು ಲೂನಾದ ಕಾರ್ಬುರೇಟರಿನಿಂದ ತಲೆ ಎತ್ತಲಿಲ್ಲ. "ಯಾವ ಗಾಡಿದ್ರಿ?"

"ವಿಮಾನದ್ದು."

ಈಗ ಎತ್ತಿದ. ಅಂಗಡಿಯ ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಬೂದು ಬಣ್ಣದ ವಾಯಲ್ ಸೀರೆ, ಬೆರಳ ತುದಿಗೆ ಸೀಮೆಸುಣ್ಣ, ತೋಳಿನಲ್ಲಿ ಹಳೇ ಚಾದರದಲ್ಲಿ ಸುತ್ತಿದ ಏನೋ ಒಂದು. ಬಾಗಲಕೋಟೆ ಪೇಟೆಯ ಗೆಳೆಯರು ಅವನನ್ನು ಮಂಗ್ಯಾ ಮಾಡಲು ಆಗಾಗ ಯಾರನ್ನಾದರೂ ಹೀಗೆ ಕಳಿಸುವುದುಂಟು. ಇದೂ ಅವರದೇ ಕೆಲಸ ಎಂದುಕೊಂಡ.

"ವಿಮಾನದ್ದು ನಿನ್ನೆನ ಖಾಲಿ ಆತ್ರಿ. ಹೆಲಿಕಾಪ್ಟರಿಂದು ನಡೀತೈತೇನು?"

ಅವಳು ನಗಲಿಲ್ಲ. ತನ್ನ ಕರವಸ್ತ್ರದಿಂದಲೇ ಅವನ ಬೆಂಚಿನ ಗ್ರೀಸು ಒರೆಸಿ, ಗಂಟನ್ನು ಇಟ್ಟು ಬಿಚ್ಚಿದಳು. ಶಂಭುವಿನ ನಗೆ ಅಲ್ಲೇ ನಿಂತಿತು.

ಕೈಯಿಂದ ಕಟ್ಟಿದ ಪುಟ್ಟ ವಿಮಾನ, ಎರಡು ಮೊಳ ಅಗಲದ ರೆಕ್ಕೆ. ಮೈಯೆಲ್ಲ ಕೆಂಪು ರೇಷ್ಮೆ, ಅಂಚಿನಲ್ಲಿ ಬಿಳಿ ತೆನೆಗಳ ಸಾಲು. ಬಾಲ, ಚಕ್ರ, ಎಲ್ಲ ಇತ್ತು. ಮೂತಿಯಲ್ಲಿ ಮಾತ್ರ ಎರಡು ಗಟ್ಟಿ ಕಟ್ಟಿಗೆಗಳ ನಡುವೆ ಖಾಲಿ ಜಾಗ.

"ಇದಕ್ಕ ತೆಳ್ಳನ ಕಾಗದ ಹಚ್ಚೂದು ರೂಢಿ. ಅಪ್ಪಾರು ಅವ್ವನ ಇಳಕಲ್ ಸೀರಿ ಸೆರಗು ಹಚ್ಚಿದ್ರು" ಎಂದಳು. "ಆಕಿ ಹೋಗಿ ಎಂಟು ವರ್ಷಾತು. ಅಂದಿನಿಂದ ಇದನ್ನ ಕಟ್ಟಾಕತ್ತಿದ್ರು. ಈಗ ಇಂಜಿನ್ ಒಂದು ಉಳದೈತಿ. ಸಣ್ಣ ಇಂಜಿನ್ ಅಂದ್ರ ಶಂಭು ಕಡೆ ಹೋಗು ಅಂದ್ರು."

ಅವಳ ಹೆಸರು ಸುಮಾ, ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ, ಅಪ್ಪ ಅಂದರೆ ನಿವೃತ್ತರಾದ ಕ್ರಾಫ್ಟ್ ಮಾಸ್ತರ ಸೋಮಲಿಂಗ ಎಂಬುದೆಲ್ಲ ಆಮೇಲೆ ಗೊತ್ತಾಯಿತು. ಆ ಕ್ಷಣಕ್ಕೆ ಶಂಭುವಿಗೆ ಗೊತ್ತಾದದ್ದು ಒಂದೇ. ಈಕೆ ಮತ್ತೆ ಬರಬೇಕು.

"ಮಾಸ್ತರ ತಾವಽ ಬರಲಿಲ್ಲ?"

"ಇತ್ತಿತ್ಲಾಗ ಹೊರಗ ಬರೂದು ಕಡಿಮಿ ಮಾಡ್ಯಾರ." ಅಷ್ಟು ಹೇಳಿ ಬೇರೆ ಕಡೆ ನೋಡಿದಳು.

ಅವನು ಮುಂಬಯಿಯ ಅಂಗಡಿಯೊಂದಕ್ಕೆ ಪತ್ರ ಬರೆದ. ಇಂಜಿನ್ನುಗಳ ಪಟ್ಟಿ ಬಂದದ್ದು ಸಂಕ್ರಮಣದ ಹಿಂದಿನ ದಿನ. ಒಂದು ಸಿಸಿಯದು, ಒಂದೂವರೆಯದು, ಎರಡೂವರೆಯದು, ಮೂರೂವರೆಯದು, ಒಂದೊಂದರ ತೂಕ, ಅಳತೆ ಎಲ್ಲ ಅದರಲ್ಲಿತ್ತು. ಶಂಭು ವಿಮಾನವನ್ನು ಪಕ್ಕದ ನಬಿಸಾಬನ ಕಿರಾಣಿ ತಕ್ಕಡಿಯಲ್ಲಿ ತೂಗಿದ. ಸೆರಗಿನ ಭಾರಕ್ಕೆ ಒಂದೂವರೆ ಸಾಲದು, ನೆಲ ಬಿಟ್ಟು ಏಳಲಿಕ್ಕಿಲ್ಲ. ಮೂರೂವರೆ ಹಾಕಿದರೆ ಮೂತಿ ಜಗ್ಗುತ್ತದೆ. ಕಟ್ಟಿಗೆಗಳ ನಡುವಿನ ಸಂದಿಗೆ ಸ್ಕೇಲು ಹಿಡಿದು ನೋಡಿದರೆ ಎರಡೂವರೆಯ ಅಳತೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಪೆನ್ಸಿಲಿನಿಂದ ಟಿಕ್ ಹಾಕಿ ಕೆಳಗೆ ತಾರೀಖು ಬರೆದ. ಅರ್ಧ ಕಪ್ಪು ಚಹಾ ಕುಡಿಯುವಷ್ಟರಲ್ಲಿ ಇಂಜಿನ್ ಆರಿಸಿ ಆಗಿತ್ತು.

ಮರುದಿನ ರವಿವಾರ. ಸುಮಾ ಬಂದಳು, ಕೈಯಲ್ಲಿ ಎಳ್ಳು ಬೆಲ್ಲ. ಶಂಭು ಪಟ್ಟಿಯ ಮೇಲೆ ಅಂಗೈ ಇಟ್ಟು ಮುಚ್ಚಿದ.

"ಇದರಾಗ ಅವಸರ ಮಾಡಬಾರದ್ರಿ, ಅಕ್ಕಾರ. ಭಾಳ ವಿಚಾರ ಮಾಡಬೇಕಾಕೈತಿ."

"ಹಂಗಾದ್ರ ಬರೂ ರವಿವಾರ ಬರ್ತೇನಿ" ಎಂದಳು.

ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ಅವನಿಗೇ ಗೊತ್ತಿರಲಿಲ್ಲ.

ಹೀಗೆ ರವಿವಾರಗಳು ಶುರುವಾದವು. ಅಣೆಕಟ್ಟಿನ ಹಿನ್ನೀರು ಹಳೇ ಊರಿಗೆ ಬರುವುದಿತ್ತು, ಯಾರ ಬಾಯಲ್ಲೂ ಆಗ ಮುಳುಗಡೆಯದೇ ಮಾತು. ದಿನಕ್ಕೊಂದು ಮನೆ ಬಾಗಿಲು ಕಿಟಕಿ ಕಿತ್ತುಕೊಂಡು, ಸರಕಾರ ಹೊಸದಾಗಿ ಕಟ್ಟಿದ ನವನಗರಕ್ಕೆ ಹೋಗುತ್ತಿತ್ತು. ಶಂಭುವಿಗೂ ಅಲ್ಲಿ ಜಾಗ ಸಿಕ್ಕಿತ್ತು. ಆದರೆ ಅವನು ಹಳೇ ಅಂಗಡಿ ಬಿಡಲೊಲ್ಲ. ರವಿವಾರ ಹತ್ತು ಗಂಟೆಗೆ ಅವಳು ಬರುವುದು ಇಲ್ಲಿಗೆ.

ಎರಡನೇ ವಾರದಿಂದ ಅವನು 'ಅಕ್ಕಾರ' ಎನ್ನುವುದನ್ನು ಬಿಟ್ಟು 'ಟೀಚರ' ಎನ್ನತೊಡಗಿದ. ಅವಳು ಗಮನಿಸಿದಳು. ತುಟಿಯ ಒಂದು ಮೂಲೆ ಮಾತ್ರ ಸ್ವಲ್ಪ ಮೇಲಕ್ಕೆ ಹೋಯಿತು.

ಒಂದು ವಾರ ಅವನು ಪ್ಲಗ್ಗಿನ ಮಾತು ತೆಗೆದ. "ಲೂನಾದಾಗ ಕಿಡಿ ಹಾರತೈತಿ. ಇದು ಗ್ಲೋ ಇಂಜಿನ್ರಿ, ಇದರಾಗ ಕಿಡಿ ಇಲ್ಲ. ತಲಿಯೊಳಗ ಸಣ್ಣ ತಂತಿ ಇರ್ತೈತಿ. ಮೊದಲ ಬ್ಯಾಟರಿ ಹಚ್ಚಿ ಕೆಂಪಗ ಮಾಡೂದು. ಒಮ್ಮೆ ಇಂಜಿನ್ ಹತ್ತಿತಂದ್ರ ಬ್ಯಾಟರಿ ತಗದುಬಿಡೂದು. ಆಮ್ಯಾಲ ತನ್ನ ಕಾವಿಲೇ ತಾನು ಕೆಂಪಗ ಇರ್ತೈತಿ."

"ಎಷ್ಟೊತ್ತು?"

"ಎಣ್ಣಿ ಇರೂತನಕ."

"ಎಣ್ಣಿ ಅಂದ್ರ?"

"ಮೆಥನಾಲು, ಅದಕ್ಕಷ್ಟು ಔಡಲೆಣ್ಣಿ."

"ಔಡಲೆಣ್ಣಿ?" ಅವಳ ಕಣ್ಣು ಅಗಲವಾಯಿತು. "ನಮ್ಮಜ್ಜಿ ಹೊಟ್ಟಿ ನೂಸಿದ್ರ ಅದನ್ನ ಕುಡಸ್ತಿದ್ಳು!"

"ಇಂಜಿನ್ನಿಗೂ ಹೊಟ್ಟಿ ಸಾಫ್ ಇರಬೇಕಲ್ರಿ, ಟೀಚರ."

ಆ ದಿನ ಮೊದಲ ಸಲ ನಕ್ಕಳು. ನಗೆ ತಡವಾಗಿ ಬಂತು, ಬಂದ ಮೇಲೆ ನಿಲ್ಲಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ಭುಜ ಅಲುಗುತ್ತಿತ್ತು. ಆ ನಗೆಗಾಗಿ ಇನ್ನೂ ನಾಲ್ಕು ವಾರ ಸುಳ್ಳು ಹೇಳಲು ಶಂಭು ತಯಾರಾದ.

ಪ್ರೊಪೆಲ್ಲರಿಗೆ ಎರಡು ವಾರ ಹೋಯಿತು. ಸೈಲೆನ್ಸರ್ ಬೇಕೋ ಬೇಡವೋ ಎನ್ನುವುದಕ್ಕೆ ಇನ್ನೆರಡು. ಮಾತು ಮೆಲ್ಲಗೆ ಇಂಜಿನ್ ಬಿಟ್ಟು ಹೊರಗೂ ಬರತೊಡಗಿತು. ನೋಡಲು ಬಂದ ಮೂರು ಗಂಡುಗಳೂ ಚಹಾ ಕುಡಿದು, 'ಮುಂದ ನಿಮ್ಮಪ್ಪಗ ಯಾರು?' ಎಂದು ಕೇಳಿದ್ದನ್ನು ಒಂದು ದಿನ ಹೇಳಿದಳು. "ನಾನಽ ಅಂದೆ. ಅವರು ಎದ್ದು ಹೋದ್ರು." ಬೇಜಾರಿಲ್ಲದೆ ಹೇಳಿದಳು. ಬೇಜಾರಾದದ್ದು ಶಂಭುವಿಗೆ.

ಅವಳು ಹೋದ ಮೇಲೆ ನಬಿಸಾಬ ಅಂಗಡಿಗೆ ಇಣುಕಿದ. "ಏನಲೇ ಶಂಭು, ಇಂಜಿನ್ ಹುಡುಕಾಕತ್ತಿಯೋ, ಕನ್ಯಾ ಹುಡುಕಾಕತ್ತಿಯೋ? ಇಷ್ಟೊತ್ತಿಗೆ ಖರೆ ವಿಮಾನನಽ ತಯಾರಾಗತಿತ್ತು."

ಹನ್ನೊಂದನೇ ರವಿವಾರ, ಯುಗಾದಿಯ ಹಿಂದಿನ ದಿನ, ಹತ್ತಾಯಿತು, ಹನ್ನೊಂದಾಯಿತು, ಸುಮಾ ಬರಲಿಲ್ಲ. ಹನ್ನೆರಡಕ್ಕೆ ಶಂಭು ಅಂಗಡಿಯ ಬಾಗಿಲು ಎಳೆದುಕೊಂಡು ಕಿಲ್ಲಾ ಓಣಿಯ ಅವರ ಮನೆಗೆ ಹೋದ.

ಮಾಸ್ತರ ಒಬ್ಬರೇ ಇದ್ದರು. "ಸುಮಾ ನವನಗರಕ್ಕ ಸಾಮಾನು ಇಡಾಕ ಹೋಗ್ಯಾಳ. ಬಾ ತಮ್ಮಾ, ಕುಂಡ್ರು. ಚಹಾ ಐತಿ."

ಥರ್ಮಾಸ್ ಎತ್ತಿದರು. ಎಡಗೈಯ ಬೆರಳನ್ನು ಕಪ್ಪಿನ ಅಂಚಿನೊಳಗೆ ಇಳಿಬಿಟ್ಟು ಸುರಿದರು. ಚಹಾ ಬೆರಳಿಗೆ ತಾಗಿದಾಗ ನಿಲ್ಲಿಸಿದರು.

ಶಂಭು ನೋಡುತ್ತಲೇ ಇದ್ದ.

ಚಾಚಿದ ಕಪ್ಪನ್ನು ಅವನು ತಡವಾಗಿ ತೆಗೆದುಕೊಂಡದ್ದರಿಂದಲೇ ಅವರಿಗೆ ಅರ್ಥವಾಯಿತು. "ಕಣ್ಣಿನ ನರ ಒಣಗ್ಯಾವಂತ. ಸಂಕ್ರಮಣಕ್ಕ ಇನ್ನ ಅಷ್ಟಿಷ್ಟು ಇತ್ತು. ಈಗ ಬೆಳಕೋ ಕತ್ತಲಿಯೋ ಅನ್ನೂದು ಬಿಟ್ರ ಏನೂ ಇಲ್ಲ. ನಿನಗ ಹೇಳಬ್ಯಾಡ ಅಂತ ಸುಮಾಗ ನಾನಽ ಅಂದಿದ್ದೆ. 'ಪಾಪ' ಅಂತ ಮಾಡಿದ ಕೆಲಸ ಗಟ್ಟಿ ಆಗಂಗಿಲ್ಲ ತಮ್ಮಾ."

ಶಂಭು ಕಪ್ಪನ್ನು ಕೆಳಗಿಟ್ಟ. ತಾನು ಒಂದೊಂದಾಗಿ ಕದ್ದ ರವಿವಾರಗಳು ಯಾರ ಕಿಸೆಯಿಂದ ಹೋದವು ಎನ್ನುವುದು ಆಗ ತಿಳಿಯಿತು.

ಸುಮ್ಮನಿರಬಹುದಾಗಿತ್ತು. ನಾಳೆಯೇ ಹೋಗಿ ಇಂಜಿನ್ ತಂದುಬಿಟ್ಟರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಯುಗಾದಿಯ ದಿನವೆಲ್ಲ ಅದೇ ವಿಚಾರ ಮಾಡಿದ. ಹೋಳಿಗೆ ರುಚಿಸಲಿಲ್ಲ. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಗೆ ಹೋಗಿ, ನಲ್ಲಿಯ ಹತ್ತಿರ ಅವಳನ್ನು ಕರೆದು, ಪಟ್ಟಿ ಬಿಚ್ಚಿ ಟಿಕ್ ತೋರಿಸಿದ.

ಸುಮಾ ತಾರೀಖು ಓದಿದಳು. ಇನ್ನೊಮ್ಮೆ ಓದಿದಳು.

"ಅವತ್ತಽ ಆರಿಸಿದ್ರಿ?"

"ಹೌದ್ರಿ."

"ಮತ್ತ ಇಷ್ಟು ದಿನ..."

"ಇಂಜಿನ್ ಬಂದಮ್ಯಾಲ ನೀವು ಬರಂಗಿಲ್ಲ ಅಂತ. ಮಾಸ್ತರ ಕಣ್ಣಿನ ವಿಷಯ ಗೊತ್ತಿರಲಿಲ್ರಿ. ಗೊತ್ತಿದ್ರ ಖರೆ ಹಿಂಗ ಮಾಡ್ತಿರಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಪಟ್ಟಿಯನ್ನು ಮಡಚಿ ಅವನ ಕೈಗೆ ಕೊಟ್ಟಳು.

"ಜನವರಿಯೊಳಗ ಅಪ್ಪಾರಿಗೆ ಕೆಂಪು ಕಾಣತಿತ್ರಿ" ಎಂದಳು.

ಗಂಟೆ ಹೊಡೆಯಿತು. ಅವಳು ವರ್ಗಕ್ಕೆ ಹೋದಳು.

ಶಂಭು ಆವತ್ತೇ ಸೊಲ್ಲಾಪುರದ ಗಾಡಿ ಹತ್ತಿದ, ಅಲ್ಲಿಂದ ಮುಂಬಯಿ. ಐದನೇ ದಿನ ಬೆಳಿಗ್ಗೆ ಮುಷ್ಟಿಯಷ್ಟು ದೊಡ್ಡ ಡಬ್ಬಿ ಹಿಡಿದು, ಅಂಗಡಿಯಲ್ಲಿದ್ದ ವಿಮಾನವನ್ನೂ ಎತ್ತಿಕೊಂಡು ಮಾಸ್ತರ ಮನೆಗೆ ಬಂದ. ಸಂದಿಯಲ್ಲಿ ಇಟ್ಟರೆ ಇಂಜಿನ್ ತನ್ನ ಮನೆಗೆ ಬಂದ ಹಾಗೆ ಕೂತಿತು.

ಹೊಸ ಇಂಜಿನ್ನನ್ನು ಎಣ್ಣೆ ಹೆಚ್ಚು ಕೊಟ್ಟು, ಮೆಲ್ಲಗೆ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ ಪಳಗಿಸಬೇಕು. ಹಿತ್ತಲಿನ ಒರಳುಕಲ್ಲಿನ ಪಕ್ಕ ಹಲಗೆಗೆ ಬಿಗಿದು ನಾಲ್ಕು ದಿನ ಓಡಿಸಿದರು. ಎಣ್ಣೆ ಹೆಚ್ಚು ಕಡಿಮೆ ಮಾಡುವ ಸೂಜಿಯ ತಿರುಪನ್ನು ಮಾಸ್ತರ ತಾವೇ ತಿರುಗಿಸಿದರು, ಕಿವಿ ಕೊಟ್ಟು. "ಇನ್ನ ಸ್ವಲ್ಪ ಬಿಡು. ಈಗ ನೋಡು, ದನಿ ತಿಳಿ ಆತು." ಸುಮಾ ದಿನಾ ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದಳು. ಚಹಾ ಬಂತು, ಮಾತು ಬರಲಿಲ್ಲ.

ಐದನೇ ದಿನ ಬೆಳಗಿನ ಬಿಸಿಲಿಗೆ ಮೊದಲೇ ಮೂವರೂ ಮಾಸ್ತರ ಕಲಿಸಿದ್ದ ಹಳೇ ಶಾಲೆಯ ಮೈದಾನಕ್ಕೆ ಹೋದರು. ಶಾಲೆ ಎಂದೋ ಸ್ಥಳಾಂತರವಾಗಿತ್ತು. ಮೈದಾನ ಮಾತ್ರ ನೀರು ಬರುವ ತನಕ ಅಲ್ಲೇ ಇತ್ತು.

ಇದು ತಂತಿಯ ವಿಮಾನ. ರೆಕ್ಕೆಯಿಂದ ಹೊರಟ ಎರಡು ಸಣ್ಣ ಉಕ್ಕಿನ ತಂತಿ ನಡುವೆ ನಿಂತವರ ಕೈಯ ಹಿಡಿಕೆಗೆ ಬರುತ್ತವೆ. ಅವರ ಸುತ್ತಲೇ ಅದು ಹಾರಬೇಕು. ಸುಮಾ ಹಿಡಿಕೆಗೆ ಕೈ ಚಾಚಿದಳು.

"ಟೀಚರ, ಮಾಸ್ತರ ಹಿಡೀಲ್ರಿ" ಎಂದ ಶಂಭು.

"ನನಗೇನು ಕಾಣತೈತೋ ತಮ್ಮಾ?"

"ತಂತಿ ಕೈಯಾಗ ಇರ್ತೈತಲ್ರಿ. ಎಲ್ಲಿ ಐತಿ, ಹೆಂಗ ಐತಿ ಅನ್ನೂದು ಕೈಗೆ ಗೊತ್ತಾಕೈತಿ."

ಎಂಟು ದಿನಗಳಲ್ಲಿ ಮೊದಲ ಸಲ ಸುಮಾ ಅವನ ಮುಖ ನೋಡಿದಳು. ಆಮೇಲೆ ಹಿಡಿಕೆಯನ್ನು ಅಪ್ಪನ ಕೈಗೆ ಕೊಟ್ಟು, ಹಿಂದೆ ನಿಂತು ಅವರ ಮಣಿಕಟ್ಟು ಹಿಡಿದಳು.

ಬ್ಯಾಟರಿ ಹಚ್ಚಿ ಶಂಭು ಪ್ರೊಪೆಲ್ಲರ್ ಜಾಡಿಸಿದ. ಎರಡನೇ ಏಟಿಗೆ ಇಂಜಿನ್ ಹತ್ತಿತು. ಬ್ಯಾಟರಿ ತೆಗೆದ, ವಿಮಾನವನ್ನು ಬಿಟ್ಟ, ಹಿಂದಕ್ಕೆ ಸರಿದು ಸುತ್ತಿನ ಹೊರಗೆ ನಿಂತ. ಕೆಂಪು ವಿಮಾನ ಹತ್ತು ಹೆಜ್ಜೆ ಓಡಿ ನೆಲ ಬಿಟ್ಟಿತು.

"ಎಳ್ಯಾಕತ್ತೈತಿ!" ಮಾಸ್ತರ ಕೂಗಿದರು. "ಸುಮಾ, ಎಳ್ಯಾಕತ್ತೈತಿ! ಜೀವ ಬಂದಂಗ ಎಳಿತೈತಿ!"

ಎರಡು ಸುತ್ತು ಅವಳ ಕೈ ಬಿಗಿಯಾಗಿತ್ತು. ಆಮೇಲೆ ಸಡಿಲಾಯಿತು, ಸುಮ್ಮನೆ ತಾಗಿಕೊಂಡಿತು. ಅಪ್ಪ ಮಗಳು ವಿಮಾನದ ಜೊತೆ ತಿರುಗುತ್ತಿದ್ದರು. ಹಾಗಾಗಿ ಸುತ್ತಿಗೊಮ್ಮೆ, ವಿಮಾನ ಶಂಭುವಿನ ಮುಂದೆ ಹಾದು ಹೋಗುವಾಗ, ಅವಳ ಮುಖ ಅವನ ಕಡೆ ಬರುತ್ತಿತ್ತು. ಕಣ್ಣು ವಿಮಾನದ ಮೇಲೆ. ಐದು ಸುತ್ತು ಹಾಗೇ. ಎಂಟು ಸುತ್ತು ಹಾಗೇ. ಶಂಭು ಎಣಿಸುತ್ತಲೇ ಇದ್ದ. ಅದೆಷ್ಟನೆಯದೋ ಸುತ್ತಿನಲ್ಲಿ ಅವಳು ವಿಮಾನ ಬಿಟ್ಟು ಅವನನ್ನು ನೋಡಿದಳು. ಅಲ್ಲಿಗೆ ಅವನ ಎಣಿಕೆ ತಪ್ಪಿತು.

ಎಣ್ಣೆ ತೀರಿ ಇಂಜಿನ್ ನಿಂತಿತು. ವಿಮಾನ ಸದ್ದಿಲ್ಲದೆ ಇಳಿದು, ಒಮ್ಮೆ ಪುಟಿದು, ನಿಂತಿತು. ಮಾಸ್ತರ ಸ್ವಲ್ಪ ಹೊತ್ತು ಹಿಡಿಕೆ ಬಿಡಲಿಲ್ಲ. ಸುಮಾ ಅವರನ್ನು ಶಾಲೆಯ ಮೆಟ್ಟಿಲಿಗೆ ಕರೆತಂದು ಕೂರಿಸಿದಳು.

"ತಮ್ಮಾ" ಎಂದರು ಮಾಸ್ತರ. "ಆ ಮೂತಿ ಕಟ್ಟಿಗಿ ನಾ ಎರಡೂವರಿ ಸಿಸಿಗೇ ಕತ್ತರಿಸಿದ್ದು. ಅಳತಿ ಹಚ್ಚಿ ನೋಡಿದವಗ ಐದು ನಿಮಿಷದ ಕೆಲಸ."

ಶಂಭು ತಲೆ ತಗ್ಗಿಸಿದ.

"ಅಂದ್ರ ನಿಮಗ ಗೊತ್ತಿತ್ತು?" ಸುಮಾಳ ದನಿ ಏರಿತು. "ಗೊತ್ತಿದ್ದೂ ಯಾಕ ಸುಮ್ಮನಿದ್ರಿ ಅಪ್ಪಾ? ಕಣ್ಣು ದಿನಾ ಹೋಗಾಕತ್ತಿತ್ತು!"

"ಅದಕಽ ಸುಮ್ಮನಿದ್ದೆ. ರವಿವಾರ ಮನಿಗೆ ಬಂದು ಪ್ಲಗ್ಗಿನ ಕಥಿ, ಔಡಲೆಣ್ಣಿ ಕಥಿ ನಕ್ಕೋತ ಹೇಳ್ತಿದ್ದಿ. ನಿಮ್ಮವ್ವ ಹೋದಮ್ಯಾಲ ನೀ ಹಂಗ ನಕ್ಕಿರಲಿಲ್ಲ. ಇದ್ದಷ್ಟು ಕಣ್ಣಿಲೆ ಆ ಮಾರಿ ನೋಡಿಕೊಂಡೆ. ವಿಮಾನ ಇವತ್ತ ಕೈಲೇ ನೋಡಿದೆ. ನಿನ್ನ ನಗು ಕೈಲೇ ನೋಡಾಕ ಬರತಿತ್ತೇನವಾ?"

ಸುಮಾ ಅಪ್ಪನ ಭುಜದ ಮೇಲೆ ಕೈ ಇಟ್ಟು, ಕಣ್ಣು ಒರೆಸಿಕೊಂಡು, ಮೈದಾನದ ನಡುವೆ ಬಿದ್ದಿದ್ದ ಹಿಡಿಕೆಯ ಕಡೆ ನಡೆದಳು.

ತಂತಿ ಸುತ್ತುವಾಗ ಒಬ್ಬರು ಹಿಡಿಕೆಯ ಹತ್ತಿರ ನಿಲ್ಲಬೇಕು, ಇನ್ನೊಬ್ಬರು ಆಚೆ ತುದಿ ಹಿಡಿದು ಬಿಗಿ ಬಿಡದೆ ನಡೆದು ಬರಬೇಕು. ಬಿಗಿ ತಪ್ಪಿದರೆ ಗಂಟು ಬೀಳುತ್ತದೆ. ಅವಳು ಸುತ್ತತೊಡಗಿದಳು. ಆಚೆ ತುದಿ ಹಿಡಿದ ಶಂಭು ಹೆಜ್ಜೆ ಹೆಜ್ಜೆಯಾಗಿ ಬಂದ.

"ನಿಮ್ಮ ಮ್ಯಾಲ ಸಿಟ್ಟು ಇನ್ನ ಐತಿ" ಎಂದಳು, ತಂತಿ ನೋಡುತ್ತಾ.

"ಇರಲ್ರಿ. ಇರಬೇಕು."

ಇನ್ನೂ ನಾಲ್ಕು ಹೆಜ್ಜೆ.

"ನವನಗರದಾಗ ಅಂಗಡಿ ಹಿಂದ ಎರಡು ಖೋಲಿ ಅದಾವ್ರಿ" ಎಂದ ಅವನು. "ಅಂಗಡಿಗೆ ಹತ್ತಿದ ಖೋಲಿ ಮಾಸ್ತರಿಗೆ. ಕುಂತಲ್ಲೇ ಇಂಜಿನ್ ದನಿ ಕೇಳತೈತಿ. ನನ್ನ ತಪ್ಪು ಹಿಡಿಯಾಕ ಒಬ್ಬರು ಬೇಕು."

ಅವಳ ಕೈ ನಿಂತಿತು. ಮತ್ತೆ ಸುತ್ತತೊಡಗಿತು, ಈ ಸಲ ಮೆಲ್ಲಗೆ. ಅವನು ಎದುರಿಗೆ ಬಂದು ನಿಂತ. ನಡುವೆ ಗೇಣುದ್ದ ತಂತಿ ಉಳಿದಿತ್ತು.

"ಇಂಜಿನ್ ಆರಿಸಾಕ ಹನ್ನೊಂದು ರವಿವಾರ ತಗೊಂಡ್ರಿ. ಇದನ್ನ ಯಾವಾಗ ಆರಿಸಿದ್ರಿ?"

"ಪಟ್ಟಿ ಬರೂಕಿಂತ ಮೊದಲಽ. ನೀವು ನನ್ನ ಬೆಂಚು ಒರಸಿದ್ರಲ್ರಿ, ಅವತ್ತ."

ಸುಮಾ ಉಳಿದ ತಂತಿಯನ್ನು ಸುತ್ತಿ ಮುಗಿಸಿದಳು. ತುಟಿಯ ಆ ಒಂದು ಮೂಲೆ ಮೇಲಕ್ಕೆ ಹೋಗಿತ್ತು.

"ಹಂಗಾದ್ರ ಇನ್ನೊಂದು ರವಿವಾರ ಕಾಯಬ್ಯಾಡ್ರಿ" ಎಂದಳು. "ಅಪ್ಪಾರು ಅಲ್ಲೇ ಕುಂತಾರ. ಈಗ ಹೋಗಿ ಕೇಳ್ರಿ."

ಶಂಭು ಕೈಗೆ ಹತ್ತಿದ್ದ ಔಡಲೆಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡು ಮೆಟ್ಟಿಲ ಕಡೆ ಹೊರಟ.