ಪಾಲಪ್ಪಜ್ಜ ಬಿಗಿದ ಪಂಪು

ನಲವತ್ತಾರನೇ ಇಸವಿಯ ಮಳೆಗಾಲದಲ್ಲಿ ನನಗೇ ಆದದ್ದು ಇದು. ಕಂಪ್ಲಿಯ ಹೊಳೆ ಏರುತ್ತಿತ್ತು, ನಡುಗಡ್ಡೆಯಲ್ಲಿ ಹದಿನಾಲ್ಕು ಕೂಲಿಗಳು ಸಿಕ್ಕಿಕೊಂಡಿದ್ದರು. ನನ್ನ ದೋಣಿಯ ಮೋಟಾರು ಕಾದು ನಿಂತುಬಿಟ್ಟಿತ್ತು. ಅದನ್ನು ತಂಪಾಗಿಡಲು ನೀರೆಳೆಯುವ ಪಂಪಿನ ರಬ್ಬರ್ ಚಕ್ರ ಹರಿದಿತ್ತು.

ಈ ಕೆಲಸ ಕಲಿಸಿದವನು ಪಾಲಪ್ಪಜ್ಜ. ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುತ್ತಿದ್ದ. ಅಂಥ ಕೈ ನಾನು ಮತ್ತೆ ಕಂಡಿಲ್ಲ. ಹಿಂದಿನ ವರ್ಷ ಇದೇ ಹೊಳೆ ಅವನನ್ನು ಒಯ್ದಿತ್ತು. ಹಳೇ ಚಕ್ರಕ್ಕೆ ಕುಂಕುಮ ಹಚ್ಚಿ ಗಂಗಮ್ಮನಿಗೆ ಬಿಡದೆ ಅಜ್ಜ ಹೊಸದನ್ನು ಮುಟ್ಟುತ್ತಿರಲಿಲ್ಲ. ಅಷ್ಟು ಅವಸರದಲ್ಲೂ ನಾನು ಹೊಳೆಗಿಳಿದು ಹಾಗೇ ಮಾಡಿ, ಮೆಟ್ಟಿಲು ಹತ್ತಿ ಬಂದೆ.

ದಂಡೆಯ ಮೇಲೆ ನಾನು ಬಿಚ್ಚಿಟ್ಟು ಹೋಗಿದ್ದ ಪಂಪನ್ನು ಯಾರೋ ಮುಚ್ಚಿ ಬಿಗಿದಿದ್ದರು. ಅಜ್ಜ ಸವರುತ್ತಿದ್ದ ಹರಳೆಣ್ಣೆಯ ವಾಸನೆ. ನಾಲ್ಕೂ ತಿರುಪುಗಳ ತಲೆಯ ಗೀರುಗಳು ಒಂದೇ ದಿಕ್ಕಿಗೆ ನಿಂತಿದ್ದವು, ಅಜ್ಜ ಬಿಗಿಯುತ್ತಿದ್ದ ಹಾಗೆ.

ನಡುಗಡ್ಡೆಯಲ್ಲಿದ್ದ ಮಗನಿಗಾಗಿ ಕಾಯುತ್ತಿದ್ದ ದುರುಗವ್ವ ಅಂದಳು: “ಯಾರೋ ಮುದುಕಪ್ಪ ಕುಂತು ಬಿಗಿದು ಹ್ವಾದ. ಮೈಯೆಲ್ಲಾ ತೊಯ್ದಿತ್ತು. ‘ಜಲ್ದಿ ಹೋಗಂತ ಹೇಳವ್ವ ಅವಗ’ ಅಂದ.”

ಪಂಪನ್ನು ಹಾಗೇ ಮೋಟಾರಿಗೆ ಕೂಡಿಸಿ ಹೋದೆ. ಮೂರು ಸಾರಿ ಹೋಗಿ ಹದಿನಾಲ್ಕೂ ಮಂದಿಯನ್ನು ತಂದೆ. ಮೋಟಾರಿನಿಂದ ಬೆಚ್ಚಗೆ ಬರಬೇಕಾದ ನೀರು ಕೊನೆಯವರೆಗೂ ಕೊರೆಯುವಷ್ಟು ತಣ್ಣಗಿತ್ತು.

ಮನೆಗೆ ಬಂದು ಅಂಗಿ ಬಿಚ್ಚುವಾಗ ಜೇಬಿನಲ್ಲಿ ಏನೋ ಸಿಕ್ಕಿತು. ಪಂಪಿಗೆ ಹಾಕಲೆಂದು ನಾನು ಇಟ್ಟುಕೊಂಡಿದ್ದ ಹೊಸ ಚಕ್ರ, ಸುತ್ತಿದ ಕಾಗದ ಸುತ್ತಿದ ಹಾಗೇ ಇತ್ತು.